ಬಾಲ್ದಿ

ಕುಳಾಯಿಯಲ್ಲಿ ನಮ್ಮ ಮನೆಯ ಹಿಂದಿನ ಕೋಣೆಗೆ
ಒಂದೇ ಕಿಟಕಿ. ಅದು ರಸ್ತೆಗೆ, ರಸ್ತೆ ಬಂದರಿಗೆ.
ಅಲ್ಲಿ ಎರಡು ಟ್ಯೂಬ್‌ಲೈಟಿನ ಕೆಳಗೆ
ನನ್ನ ಹದಿನೇಳು ಆರ್ಕಿಡ್.
ಹೂವಿನ ಡ್ರೈವರ್ ಅಂತ ಯಾರ್ಡಿನಲ್ಲಿ ನಗುತ್ತಾರೆ;
ನಗಲಿ, ಪಂಕ್ಚರಿನವನಿಗೆ ಕಾಯುವ ಹೊತ್ತಿಗೆ
ಏನಾದರೂ ಯೋಚಿಸಲಿಕ್ಕೆ ಬೇಕಲ್ಲ.

ದಿನಾ ಬೆಳಿಗ್ಗೆ ಎಲೆ ಒರೆಸುವುದು.
ಚಂಡಿ ಹತ್ತಿ, ಬುಡದಿಂದ ತುದಿಗೆ,
ಮಗುವಿನ ಮೂಗು ಒರೆಸಿದ ಹಾಗೆ.
ಹತ್ತಿಯಲ್ಲಿ ಬರುವ ಹುಡಿ ಕಾಡಿಗೆಯಷ್ಟು ನಯ.
ಎಲ್ಲಿಯದ್ದು ಅಂತ ನಾನು ಯಾರಲ್ಲೂ ಕೇಳಲಿಲ್ಲ.

"ಎಲೆಗೂ ಉಸಿರುಂಟು ಅಪ್ಪ, ಅಡಿಯಲ್ಲಿ ಸಣ್ಣ ಸಣ್ಣ ಬಾಯಿ,"
ಏಳನೇ ಕ್ಲಾಸಿನ ಪುಸ್ತಕ ಬಿಡಿಸಿ ತೋರಿಸಿದಳು ತನ್ವಿತಾ.
ಆ ಭಾನುವಾರವೇ ಶುರುಮಾಡಿದೆ.

ಪುತ್ತುಬ್ಯಾರಿಯ ಗುಜರಿಯಿಂದ ಒಂದು ಫ್ಯಾನು, ನೂರೆಂಬತ್ತು ರೂಪಾಯಿ;
ಯಾವುದೋ ಹೋಟೆಲಿನದ್ದು, ರೆಕ್ಕೆಯಲ್ಲಿ ಇನ್ನೂ ಬನ್ಸಿನ ಎಣ್ಣೆ.
ಪೈಂಟಿನ ಬಾಲ್ದಿಗೆ ಕಾದ ಮೊಳೆಯಿಂದ ತೂತು:
ಮುನ್ನೂರರವರೆಗೆ ಎಣಿಸಿದೆ, ಮತ್ತೆ ಬಿಟ್ಟೆ.
ನಡುವೆ ಬಲೆಯ ಕೊಳವೆ, ಅದರ ಸುತ್ತ ಗೆರಟೆ ಮಸಿ,
ಹೊರಗೆ ಹರಿಣಾಕ್ಷಿಯ ಹಳೇ ನೈಟಿ, ಎರಡು ಸುತ್ತು.

ಗೆರಟೆಯನ್ನು ತಗಡಿನ ಡಬ್ಬಿಯಲ್ಲಿ ಮುಚ್ಚಿ ಸುಡಬೇಕು;
ಗಾಳಿ ಸಿಕ್ಕಿದರೆ ಬೂದಿ, ಸಿಗದಿದ್ದರೆ ಮಸಿ.
ಕುಟ್ಟಿ, ಗಾಳಿಸಿ, ತೊಳೆದು
ನೀರು ತಿಳಿಯಾಗಲಿಕ್ಕೆ ಒಂಬತ್ತು ಸಲ ಬೇಕಾಯಿತು.
"ಕಪ್ಪು ಹಿಡಿಯಲಿಕ್ಕೆ ಕಪ್ಪೇ ಬೇಕಾ?"
ಹರಿಣಾಕ್ಷಿಗೆ ನಗೆ.

ಮೊದಲ ದಿನ ಫ್ಯಾನು ಉಲ್ಟಾ ಕೂತಿತ್ತು.
ಸ್ವಿಚ್ ಹಾಕಿದ್ದೇ ನೈಟಿ ಬಸುರಿಯಂತೆ ಉಬ್ಬಿ, ಗಂಟು ಬಿಚ್ಚಿ,
ಬಾಲ್ದಿ ಒಂದು ಸಲ ಸೀನಿತು:
ಇದ್ದ ಒಂದೇ ಒಂದು ಬಿಳಿ ಹೂವಿನ ಮುಖಕ್ಕೆ ಮಸಿ.
ತನ್ವಿತಾ ನೆಲದಲ್ಲಿ ಹೊರಳಿ ನಕ್ಕಳು.
ನಾನು ಹೂವಿನ ಹತ್ತಿರ ತಪ್ಪಾಯಿತು ಅಂದೆ,
ತಮಾಷೆಗಲ್ಲ.

ಆಮೇಲೆ ಸರಿಯಾಯಿತು.
ಗೋಡೆಯಾಚೆ ಅದರ ಗುರುಗುರು ಕೇಳಿದರೆ
ನಿದ್ದೆ ಬರುತ್ತದೆ, ನ್ಯೂಟ್ರಲಿನಲ್ಲಿ ನಿಂತ ಗಾಡಿಯಲ್ಲಿ ಬಂದ ಹಾಗೆ.
ಎಲೆ ಮೂರು ದಿನಕ್ಕೊಮ್ಮೆ ಒರೆಸಿದರೆ ಸಾಕು, ಮತ್ತೆ ವಾರಕ್ಕೊಮ್ಮೆ.
ಬೇರಿನ ತುದಿಗಳಲ್ಲಿ ಹಸಿರು ಬೊಟ್ಟು.

ನಲವತ್ತನೇ ದಿನ ನೈಟಿ ಬಿಚ್ಚಿದೆ.
ಅದರ ಹಳದಿ ಹೂಗಳನ್ನು ಹುಡುಕಬೇಕಾಯಿತು.
ಮಡಿಕೆ ಇದ್ದಲ್ಲಿ ಮಾತ್ರ ಒಂದು ಗೆರೆ ಹಳದಿ.
ಬಾವಿಕಟ್ಟೆಯಲ್ಲಿ ಇಬ್ಬರೂ ಎರಡು ತುದಿ ಹಿಡಿದು ಹಿಂಡಿದೆವು.
ಆ ನೀರಿನ ಬಣ್ಣ ನನಗೆ ಗುರುತುಂಟು,
ಟಿಪ್ಪರ್ ತೊಳೆದಾಗ ಇದೇ ಹೋಗುವುದು.
ಹನ್ನೊಂದು ವರ್ಷ, ಕಲ್ಲಿದ್ದಲು,
ಬಂದರಿನಿಂದ ಯಾರ್ಡಿಗೆ ನಾಲ್ಕೇ ಕಿಲೋಮೀಟರ್ ಅಂತ
ಟಾರ್ಪಾಲನ್ನು ಸುಮ್ಮನೆ ಹೊದೆಸಿ.

ಹರಿಣಾಕ್ಷಿ ಎಂತ ಬೈಯಲಿಲ್ಲ.
ನೈಟಿಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು.
"ಇದು ಆ ಕೋಣೆಯದ್ದು ಮಾತ್ರ ಅಲ್ವಾ?
ನಾವು ಮಲಗುವುದು ಚಾವಡಿಯಲ್ಲಿ."

ಇವತ್ತು ವೇಬ್ರಿಡ್ಜಿನ ಕ್ಯೂನಲ್ಲಿ ನನ್ನ ಮುಂದೆ ಇಪ್ಪತ್ತೆರಡು ಗಾಡಿ.
ಸೀಟಿನ ಹಿಂದೆ ಗೇಣು ಹಾಕಿ ನೋಡಿದೆ: ಒಂದೂವರೆ ಗೇಣು.
ಬಾಲ್ದಿ ಹಿಡಿಸುವುದಿಲ್ಲ.
ಇಳಿದು, ಟಾರ್ಪಾಲಿನ ನಾಲ್ಕು ಮೂಲೆ ಎಳೆದು ಕಟ್ಟಿದೆ,
ಗಂಟಿನ ಮೇಲೆ ಇನ್ನೊಂದು ಗಂಟು.
ಹಿಂದಿನವ ಹಾರ್ನ್ ಹೊಡೆಯುತ್ತಲೇ ಇದ್ದ.