ಬಾಡಿಗೆಯ ಹೆಜ್ಜೆ

ತೆರೆಯ ಮೇಲೆ ಓಡುವ ಮುಖ ಕ್ಯುನ್ನೇಯಳದು.
ಹಿಮದ ಮೇಲೆ ಮೂಡಿದ ಹೆಜ್ಜೆ ನನ್ನವು.
ದಿನಕ್ಕೆ ಮೂರು ಸಾವಿರ ರೂಬಲ್,
ಮೇಲೆ ಎರಡು ಹೊತ್ತು ಬಿಸಿ ಸಾರು.

ಯಾಕುತ್ಸ್ಕ್‌ನಿಂದ ಬಂದ ಹುಡುಗಿ, ಪಾಪ,
ಡಾಂಬರಿನ ಮೇಲೆ ಬೆಳೆದ ಕಾಲು;
ಅತ್ತೆ ಮಲಗಿರುವಾಗ ಪಾತ್ರೆ ಜೋಡಿಸುವ ಸೊಸೆಯ ಹಾಗೆ
ಒಂದೊಂದೇ ಹೆಜ್ಜೆ ಅಂಜಿ ಅಂಜಿ ಇಡುತ್ತಿದ್ದಳು.
ಅದಕ್ಕೇ ನಿರ್ದೇಶಕ ಎರ್ಚಿಮೆನ್ ನನ್ನ ಒಲೆಯ ಬಳಿ ಬಂದು ಕೂತ:
ಆಯ್ತಾಲಿನಾ ಅಕ್ಕ, ನಿಮ್ಮ ಕಾಲು ಬೇಕು,
ಮೊಣಕಾಲಿನಿಂದ ಕೆಳಗೆ ಮಾತ್ರ.

ಹೆದರಿದವಳ ಹಾಗೆ ನಡೆಯಿರಿ, ಅಂದ.
ಹೆದರಿದವರ ನಡಿಗೆಯನ್ನು
ಮೂವತ್ತು ಚಳಿಗಾಲ ಓದಿದವಳು ನಾನು.
ಸೇಬಲ್, ನರಿ, ಕಾಲು ಮುರಿದ ಹಿಮಸಾರಂಗ.
ಕಾಲಿಗೆ ಬುದ್ಧಿ ಹೇಳುವುದೆಂದರೆ
ಸುಮ್ಮನೆ ಓಡುವುದಲ್ಲ ತಮ್ಮಾ, ಮೊಲವನ್ನು ನೋಡು:
ಓಡುವಷ್ಟೂ ಓಡಿ, ನಿಂತು,
ತನ್ನ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಹಿಂದಕ್ಕೆ ಬಂದು
ಒಮ್ಮೆಲೇ ಪಕ್ಕಕ್ಕೆ ಚಿಮ್ಮುತ್ತದೆ.
ಬೆನ್ನಟ್ಟಿದವನಿಗೆ ಸಿಗುವುದು
ಬರೆಯುತ್ತ ಬರೆಯುತ್ತ ಸತ್ತವನ ಕಾಗದದಲ್ಲಿ
ಅರ್ಧಕ್ಕೆ ನಿಂತ ಸಾಲು.

ಅವನು ಕಥೆಯನ್ನೇ ತಿದ್ದಿದ.

ಕೊಲೆಗಾರನ ಪಾತ್ರಕ್ಕೆ ನಮ್ಮ ಶಾಲೆಯ ಸಂಗೀತದ ಮೇಷ್ಟ್ರು ಮಿಚೀಲ್.
ಆರಡಿ ಆಳು, ನಾಯಿ ಕಂಡರೆ ಗಡಗಡ.
ಕೋವಿ ಹಿಡಿಯುವುದನ್ನು ಅವನಿಗೆ ಕಲಿಸಿದ್ದೂ ನಾನೇ.
ಬಿಡುವಿನಲ್ಲಿ ಮೋರ್ಸಿಂಗ್ ನುಡಿಸುತ್ತಿದ್ದ;
ಕಬ್ಬಿಣ ತುಟಿಗೆ ಅಂಟದಿರಲೆಂದು
ಮೊದಲು ಅದನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು.

ಏಳನೆಯ ಟೇಕು. ಸೊನ್ನೆಗಿಂತ ನಲವತ್ತೊಂಬತ್ತು ಕೆಳಗೆ.
ಅಂಥ ಚಳಿಯಲ್ಲಿ ಬಿಟ್ಟ ಉಸಿರು ಗಾಳಿಯಲ್ಲೇ ಗಟ್ಟಿಯಾಗಿ
ಸರಸರ ಉದುರುತ್ತದೆ, ಮೊರದಲ್ಲಿ ಕಾಳು ಕೇರಿದ ಸದ್ದು.
ನಕ್ಷತ್ರಗಳ ಪಿಸುಮಾತು ಅನ್ನುತ್ತಾರೆ ನಮ್ಮಲ್ಲಿ.
ಹುಟ್ಟಿದಾಗಿನಿಂದ ಕೇಳಿದ್ದು.
ಅವತ್ತು ಮಾತ್ರ ಅದು
ನನ್ನ ಹಿಂದೆ ಬಂತು.
ಹಿಂದೆ ಇರುವವನು ಮಿಚೀಲ್, ಮೋರ್ಸಿಂಗಿನ ಮಿಚೀಲ್,
ಗೊತ್ತು, ಗೊತ್ತು,
ಆದರೂ ಹಿಮ್ಮಡಿ ತಾನಾಗಿ ತಿರುಗಿತು.
ಆ ಒಂದು ಹೆಜ್ಜೆ, ಸೊಟ್ಟ,
ಚಿತ್ರದಲ್ಲಿ ಹಾಗೇ ಉಳಿದಿದೆ.
ನಟನೆ ಅಂದುಕೊಂಡರು.

ಮುಂದಿನ ನವೆಂಬರಿನಲ್ಲಿ ಊರ ಕ್ಲಬ್ಬಿನಲ್ಲಿ ತೋರಿಸಿದರು.
ಬೆಂಚು ಸಾಲದೆ ಮಕ್ಕಳು ನೆಲದ ಮೇಲೆ,
ಮೊದಲ ಸಾಲಿನಲ್ಲಿ ಒಗ್ದೋ ಅಜ್ಜಿ
ಹೆಪ್ಪುಗಟ್ಟಿದ ಮೀನಿನ ಚೂರು ಚೀಪುತ್ತ.
ಕೊಲೆಗಾರ ಜಾಡು ಮುಗಿದಲ್ಲಿ ಬಂದು ನಿಂತ.
ಇಡೀ ಊರು ಉಸಿರು ಬಿಗಿಹಿಡಿಯಿತು.
ಯಾವುದೋ ಮಗು ‘ಓಡೇ’ ಅಂದಿತು.
ನಾನೊಬ್ಬಳು ಮಾತ್ರ
ಎಡಕ್ಕೆ, ಲಾರ್ಚ್ ಮರದ ಬುಡಕ್ಕೆ ಕಣ್ಣು ಹಾಯಿಸಿ
ಅಲ್ಲಿದ್ದಾಳೆ ನೋಡೋ ದಡ್ಡ, ಅಲ್ಲಿ!
ತುಟಿತನಕ ಬಂದಿತ್ತು.
ಮಡಿಲಲ್ಲಿ ಕೈ
ಇಲ್ಲದ ಕೋವಿಯನ್ನು ತಡಕುತ್ತಿತ್ತು.

ಅವಳು ಬದುಕಿದಳು. ಸಿನಿಮಾ ಅಲ್ಲವೇ. ಚಪ್ಪಾಳೆ.
ಮಕ್ಕಳು ಒಂದು ವಾರ ಮೇಷ್ಟ್ರ ಹತ್ತಿರ ಸುಳಿಯಲಿಲ್ಲ.
ನನ್ನ ಹತ್ತಿರ ಬಂದು ಎಲ್ಲರೂ
ಎಷ್ಟು ಚೆನ್ನಾಗಿ ತಪ್ಪಿಸಿಕೊಂಡೆ ಅಂದರು.

ಬೆಳಗ್ಗೆ ಬೆಂಕಿಗೆ ಬೆಣ್ಣೆ ಕೊಟ್ಟು, ಕಾಡಿನೊಡೆಯ ಬಾಯನಾಯ್‌ನ ನೆನೆದು
ಉರುಳುಗಳ ದಾರಿ ಹಿಡಿದೆ.
ನದಿಯ ತಿರುವಿನಲ್ಲಿ ಮೊಲದ ಜಾಡು, ಹೊಸದು,
ಅಂಚು ಇನ್ನೂ ಗಟ್ಟಿಯಾಗಿರಲಿಲ್ಲ.
ಓದುತ್ತ ಹೋದೆ. ಬಯಲ ನಡುವೆ ನಿಂತುಹೋಯಿತು.
ನಾಯಿ ಎಡಕ್ಕೆ ಮೂಗೆತ್ತಿತು;
ಕೊರಳಪಟ್ಟಿ ಹಿಡಿದೆಳೆದೆ.
ಬಲಕ್ಕೆ ನೋಡಿದೆ. ಮೇಲೆ ನೋಡಿದೆ.
ಕೈಗವಸು ತೆಗೆದು, ಮತ್ತೆ ಹಾಕಿಕೊಂಡು
ಬಂದ ದಾರಿಯಲ್ಲೇ, ನನ್ನ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು
ಮನೆಗೆ ಬಂದೆ.

ಎರಡು ದಿನ ಹೀಗೆ.
ಮೂರನೆಯ ದಿನ ಎಡಕ್ಕೆ ನೋಡಿದೆ.
ಮನೆಯಲ್ಲಿ ಮಾಂಸ ಮುಗಿದಿತ್ತು.