ಖಾಲಿ ಕಳಿಸಬಾರದು

ಹಿತ್ತಲದ ಕಲ್ಲಿನ ಮ್ಯಾಲೆ ಕುಂತು
ರೈಸ್ ಮಿಲ್ಲಿನ ಉಮಿಬೂದಿ ಹಚ್ಚಿ
ನಿನ್ನಿಯ ಊಟವನ್ನ ತಿರುವುಮುರುವು ತೊಳೀತೀನಿ:
ಕಡೀಕ ಬಡಿಸಿದ ಸಿಹಿಯ ಹಂಡೆ ಮೊದಲು,
ಮೊದಲು ಕರಿದ ಮಿರ್ಚಿಯ ಬಾಣಲಿ ಕಡೀಕ.

ಎಲ್ಲದರ ಮ್ಯಾಲೂ ಒಂದೊಂದು ಹೆಸರು.
ಕಾರಟಗಿ ಬಜಾರದಾಗ ಪಾತ್ರೆ ಅಂಗಡಿ ಹುಡುಗ
ಚುಕ್ಕಿ ಚುಕ್ಕಿ ಬಡಿದು ಬರೆದದ್ದು;
ಕೆಲವಕ್ಕ ಒತ್ತು ಇಲ್ಲ, ಕೆಲವಕ್ಕ ದೀರ್ಘ ಹೆಚ್ಚು.

ಹುಗ್ಗಿ ಹಂಡೆ ಸಂಕವ್ವ ದೊಡ್ಡವ್ವಂದು.
ಗೋದಿ ಕುಟ್ಟಿ, ಬೆಲ್ಲ ಕರಗಿಸಿ, ಗಸಗಸಿ ಹುರಿದು ಹಾಕಿ
ನಸುಕಿನಿಂದ ತಿರುವಿದ್ದು. ಒಂದು ಕಡೆ ತಳ ಹತ್ತೇತಿ,
ಉಗುರಿಲೆ ಕೆರೀತೀನಿ, ಕೆರೆದದ್ದು ಬಾಯಿಗೆ ಹಾಕ್ಕೋತೀನಿ.
ಹಂಡೆ ಕೊಟ್ಟಳು, ಸೌಟು ಕೊಟ್ಟಳು,
"ಮುಚ್ಚಳ ಸಡಿಲ ಐತಿ, ಕಲ್ಲು ಹೇರು" ಅಂತ ಬುದ್ಧಿನೂ ಕೊಟ್ಟಳು.
ಊಟಕ್ಕ ಬರಲಿಲ್ಲ.

ಮಹಬೂಬಿಯ ಡಬಲ್ ಕಾ ಮೀಠಾ ತಾಟು
ತೊಳೆಯೋ ಕೆಲಸ ಇಲ್ಲ, ಹುಡುಗರು ನೆಕ್ಕಿ ಇಟ್ಟಾರ.
ಆಕಿ ಬಂದಿದ್ದಳು. ಮೊದಲ ಪಂಕ್ತಿಯಾಗ ಕುಂತಿದ್ದಳು.

ಅರವತ್ತು ಮಂದಿಗೆ ಅಕ್ಕಿ ಹಾಕಿದ್ವಿ,
ಇಪ್ಪತ್ತೆರಡು ಎಲಿ ಎತ್ತಿದ್ವಿ.
ನಾದಿನಿ ಹುಲಿಗೆವ್ವಂದು. ಉಡಿಕಿ ಅಂತಾರ ಅವರು,
ಮದುವಿ ಅಂತೀವಿ ನಾವು.
ಗಂಗಾವತಿಯಾಗ ಸಹಿ, ಮನಿಯಾಗ ಊಟ.
ಒಬ್ಬರಿಗೆ ಮೈಯಾಗ ಆರಾಮಿಲ್ಲ,
ಒಬ್ಬರದು ಕಾಲುವಿ ನೀರಿನ ಸರದಿ,
ಒಬ್ಬರು ಏನೂ ಹೇಳದ ಕದ ಮುಂದ ಮಾಡಿದ್ರು.
ಆದರ ಕೇಳಿದ ಪಾತ್ರೆ ಯಾರೂ ಇಲ್ಲ ಅನ್ನಲಿಲ್ಲ.
ಮಂದಿ ಬರಲಿಲ್ಲ, ಅವರ ಪಾತ್ರೆ ಬಂದಿದ್ದವು,
ಕಂಠಮಟ ತುಂಬಿಕೊಂಡು ಗೋಡಿಗೆ ಸಾಲಾಗಿ ಕುಂತಿದ್ದವು.

ಎಣ್ಣೆಗಾಯಿ ಬೋಗಾಣಿ, ಬದನಿ ತೊಟ್ಟು ಇನ್ನೂ ಅಂಟಿಕೊಂಡೈತಿ.
ಪುಂಡಿಪಲ್ಯೆದ ಸ್ಟೀಲ್ ಡಬರಿ
(ಜರ್ಮನ್ ಪಾತ್ರೆಯಾಗ ಇಟ್ಟರ ಹುಳಿಗೆ ಕರ್ರಗಾಗತೈತಿ).
ಖಡಕ್ ರೊಟ್ಟಿಯ ಬುಟ್ಟಿ, ಜಾಡಿಸಿದರ ಸಾಕು.
ಕ್ಯಾಂಪಿನ ವೆಂಕಾಯಮ್ಮನ ಪುಳಿಹೊರದ ಡಬ್ಬಿ,
ಅದರ ಮ್ಯಾಲಿನ ತೆಲುಗು ನನಗ ಓದಾಕ ಬರೂದಿಲ್ಲ.

ಮೊಸರಿನ ಡಬರಿ ಮಾತ್ರ ನಮ್ಮದು.
'ಚಿ. ದುರುಗೇಶ, ಚಿ.ಸೌ. ಹುಲಿಗೆವ್ವ',
ಕೆಳಗ ಹನ್ನೆರಡು ವರ್ಷದ ಹಿಂದಿನ ತಾರೀಖು.
ಅವಸರದಾಗ ಯಾರೂ ನೋಡಿದ್ದಿಲ್ಲ.
ಪಂಪಾಪತಿ ನೋಡಿದ.
ನಾನು ಸೆರಗು ಅಡ್ಡ ಹಿಡಿಯೋದರಾಗ ತಡ ಆತು,
ತುಟಿ ಅಲುಗಿದ್ದು ಕಂಡೆ, ಓದಿ ಮುಗಿಸಿದ್ದ.
"ಮೊಸರು ಗಟ್ಟಿ ಐತಿ" ಅಂದ,
"ಇನ್ನೊಂದು ಸೌಟು ಹಾಕ್ರಿ."
ಆ ಡಬರಿಗೆ ಬೂದಿ ಹಚ್ಚಲಿಲ್ಲ. ಬರೇ ನೀರಿಲೆ ತೊಳೆದೆ.

ಕಡೀಕ ಬಾಣಲಿ.
ಮಿರ್ಚಿ ತಾನ ಕರೀತೀನಂತ ಒಲಿ ಮುಂದ ಕುಂತಳು ಮದುಮಗಳು,
ಹಿಟ್ಟಿನ ಹದ ನಮಗ ಯಾರಿಗೂ ಬರೂದಿಲ್ಲಂತ.
ಹೊಸ ಹಸರ ಬಳಿ ಮ್ಯಾಲೆ ಕಡ್ಲಿಹಿಟ್ಟು ಒಣಗಿತ್ತು.
ಒರೆಸಿಕೊಳ್ಳದ ಹಂಗ ಮೋಟರ್ ಸೈಕಲ್ ಹತ್ತಿ
ಸಿದ್ದಾಪುರದ ಕಡೆ ಹೋದಳು.

ಈಗ ಪಾತ್ರೆ ತಿರುಗಿ ಕೊಡಬೇಕು.
ಖಾಲಿ ಕಳಿಸಬಾರದು, ಅತ್ತಿ ಇದ್ದಾಗಿನಿಂದ ನಡೆದ ರೀತಿ.
ರಾತ್ರಿ ಸುರುವಿಟ್ಟ ಹುಗ್ಗಿ ಬಿಸಿಮಾಡಿ
ಒಂದೊಂದಕ್ಕ ಎರಡು ಸೌಟು.
ಸಿಟ್ಟು ಬಂದು ಬರೇ ಗುರೆಳ್ಳು ಹಿಂಡಿ ಹಾಕಬೇಕನಿಸಿತು,
ಹಾಕಲಿಲ್ಲ.
ಒಂದರಾಗ ಹಾಕಿದೆ. ಯಾರದಂತ ಹೇಳೂದಿಲ್ಲ.

ಹಂಡೆ ಹೊತ್ತು ಹೋದ ಮಗ ಅಮರೇಶ ಬಂದು ಹೇಳತಾನ:
ದೊಡ್ಡವ್ವ ಹೊಸ್ತಿಲದಾಗ ನಿಂತ ತಿಂದಳಂತ,
ಬೆರಳಿಲೆ ಬಳಿದು ಬಳಿದು.
"ಯಾಲಕ್ಕಿ ಕಮ್ಮಿ ಆಗೇತಿ,
ನನ್ನ ಕರೆದಿದ್ದರ ಹೇಳತಿದ್ದೆ" ಅಂದಳಂತ.

ಕರೆದಿದ್ವಿ, ಅರಿಷಿಣ ಕುಂಕುಮ ಹಚ್ಚಿ.

ಹುಡುಗ ಮುಷ್ಟಿ ಬಿಚ್ಚಿದ. ಅವನನ್ನೂ
ಖಾಲಿ ಕಳಿಸಿಲ್ಲ ಮುದುಕಿ:
ಕ್ಯಾಲೆಂಡರ ಹಾಳ್ಯಾಗ ಸುತ್ತಿದ
ನಾಕು ಯಾಲಕ್ಕಿ.