ಒಂದು ಆಂಪಿಯರ್

ರೆಸಿಫೆಯ ಗೋಡೆಗಳಲ್ಲಿ ಇನ್ನೂರಿಪ್ಪತ್ತು ವೋಲ್ಟು,
ಸಾವೊ ಪಾವ್ಲೊದಲ್ಲಿ ಅದರರ್ಧ.
ಇಷ್ಟು ತಿಳಿಯದೆ ಬಸ್ಸಿಳಿದು ಬಂದ ಪೆಟ್ಟಿಗೆಗಳಿಂದಲೇ
ಇರಾಸಿಲ್ಡಾ ಅಕ್ಕನ ಒಲೆ ಉರಿಯುತ್ತದೆ.

ಕಾಂಕೋರ್ಡಿಯಾ ಬೀದಿ, ಮೆಟ್ಟಿಲ ಕೆಳಗಿನ ಅಂಗಡಿ:
ಒಂದು ಫ್ಯಾನು, ಒಂದು ಬೆಸುಗೆ ಕಡ್ಡಿ,
ಉಪ್ಪುಗಾಳಿಗೆ ಹಸಿರು ತಿರುಗಿದ ಸ್ಕ್ರೂಗಳು ಮೊಸರಿನ ಡಬ್ಬಿಯಲ್ಲಿ,
ಮತ್ತು ನಾನು. ಸ್ಟೂಲಿದೆ, ಸಂಬಳವಿಲ್ಲ.

ಈ ಮೂರು ಕಾಲಿನದನ್ನು ನೋಡು, ಅಂದಿದ್ದಳು ಮೊದಲ ದಿನ.
ಬಾಗಿಲಿಗೆ ಒಂಬತ್ತು ಬರುತ್ತದೆ,
ಐದನ್ನಷ್ಟೇ ಒಳಗೆ ಬಿಡುತ್ತದೆ.
ಉಳಿದ ನಾಲ್ಕು?
ನನಗೆ ತಿಳಿಯಲಿಲ್ಲ.
ನನ್ನ ಬೆರಳು ಹಿಡಿದು ಅದರ ಲೋಹದ ಬೆನ್ನಿಗೆ ಒತ್ತಿದಳು.
ಚುರ್ ಎಂದಿತು.
ಉಳಿದದ್ದು ಇಲ್ಲಿ, ಅಂದಳು. ಯಾರಿಗೂ ಹೇಳದೆ.

ಆ ಬೆನ್ನಿಗೆ ಹಚ್ಚಿದ ಬಿಳಿ ಮುಲಾಮು ಮೂವತ್ತು ವರ್ಷಕ್ಕೆ
ಒಣಗಿ ಸುಣ್ಣವಾಗಿರುತ್ತದೆ.
ಕೆರೆದು ಹೊಸದು ಹಚ್ಚಬೇಕು, ತೆಳ್ಳಗೆ,
ತಪಿಯೋಕ ಹೆಂಚಿಗೆ ಬೆಣ್ಣೆ ಸವರಿದಷ್ಟು.

ಫ್ಯೂಸಿನ ಕಥೆ ಬೇರೆ. ಅದು ತಾಳುವ ಜಾತಿಯಲ್ಲ.
ಗಾಜಿನ ಕೊಳವೆ, ಕೂದಲೆಳೆಯ ತಂತಿ,
ಬಾಳಿನಲ್ಲಿ ಒಂದೇ ಒಂದು ಸಲ ಇಲ್ಲ ಅನ್ನುವುದಕ್ಕೆಂದೇ
ಅಷ್ಟು ವರ್ಷ ಹೂಂಗುಟ್ಟಿಕೊಂಡು ಕೂತಿರುತ್ತದೆ.

ಮಂಗಳವಾರ ಜುರಾಂಡಿರ್ ಬಂದ,
ಮೀನು ಮಾರುಕಟ್ಟೆಯಲ್ಲಿ ಮಂಜುಗಡ್ಡೆ ಹೊರುವವನು.
ಟವೆಲಿನಲ್ಲಿ ಸುತ್ತಿದ ಹಳೆಯ ವಿಡಿಯೋ ಗೇಮು, ಸುಟ್ಟ ವಾಸನೆ.
ಮುಚ್ಚಳ ಬಿಚ್ಚಿದರೆ
ಫ್ಯೂಸಿನ ಮೈಗೆ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ,
ನಾಲ್ಕು ಸುತ್ತು, ಅಚ್ಚುಕಟ್ಟಾಗಿ.

ಅಕ್ಕ ಬಾಯಿ ತೆರೆದಳು. ಅವಳ ಬೈಗುಳಕ್ಕೆ ಬೀದಿಯೇ ಪಕ್ಕಕ್ಕೆ ಸರಿಯುತ್ತದೆ.
ನನ್ನಣ್ಣ, ಅಂದ ಅವನು. ಎಡ್ಮಿಲ್ಸನ್.
ತೊಂಬತ್ತೆರಡರ ಜೂನು, ಸಾವೊ ಜುವಾವ್ ಹಬ್ಬದ ರಾತ್ರಿ,
ಅಂಗಡಿಗಳೆಲ್ಲ ಮುಚ್ಚಿದ್ದವು, ನಾನು ಅಳುತ್ತಿದ್ದೆ.
ಕೊನೆಯ ಸಿಗರೇಟನ್ನು ಕಿವಿಗೆ ಸಿಕ್ಕಿಸಿಕೊಂಡು ಪೊಟ್ಟಣ ಹರಿದ.
ಸ್ವಲ್ಪ ತಡೆದು,
ಅದನ್ನು ತೆಗೆಯದೆ ರಿಪೇರಿ ಆಗುತ್ತದಾ?

ಫ್ಯಾನು ಆಚೆ ಹೋಗಿ ಈಚೆ ಬಂತು.
ಆಗುವುದಿಲ್ಲ, ಅಂದಳು. ಬೈಯಲಿಲ್ಲ.
ನಿನ್ನಣ್ಣನಿಗೆ ಇಲ್ಲ ಅನ್ನಲು ಬರಲಿಲ್ಲ.
ಫ್ಯೂಸಿಗೆ ಬರಬೇಕು.

ಕಪ್ಪಾದ ಮೂರು ಕಾಲುಗಳನ್ನು ಕಿತ್ತು ಹೊಸದನ್ನು ನಿಲ್ಲಿಸಿದಳು,
ಒಂದು ಆಂಪಿಯರಿನ ಗಾಜನ್ನು ಕ್ಲಿಪ್ಪಿನ ನಡುವೆ ಒತ್ತಿದಳು.
ಬೆಳ್ಳಿ ಕಾಗದವನ್ನು ಉಗುರಿನಲ್ಲಿ ತಟ್ಟಿ ಸಪಾಟು ಮಾಡಿ
ಮುಚ್ಚಳದ ಒಳಮೈಗೆ, ಎರಡು ಪದರ ಟೇಪಿನಡಿ ಅಂಟಿಸಿದಳು.
ಇಲ್ಲಿ ಕರೆಂಟು ಬರುವುದಿಲ್ಲ. ಇರಲಿ.

ಮೀಟರಿನಲ್ಲಿ ನಾಲ್ಕು ಪಾಯಿಂಟು ಒಂಬತ್ತು ಎಂಟು.
ಸಾಕು, ಅಂದಳು. ಐದೇ ಬೇಕೆಂದು ಹಟ ಹಿಡಿಯಬಾರದು.

ಹೋಗುವಾಗ ಜುರಾಂಡಿರ್
ಮುಚ್ಚಳದ ಮೇಲೆ, ಕಾಗದವಿದ್ದ ಜಾಗಕ್ಕೇ
ತಣ್ಣನೆಯ ಅಂಗೈ ಇಟ್ಟುಕೊಂಡಿದ್ದ.
ಅಕ್ಕ ಫ್ಯೂಸಿನ ಕಾಸು ಮಾತ್ರ ತೆಗೆದುಕೊಂಡಳು.

ರೆಗ್ಯುಲೇಟರಿನ ದುಡ್ಡು? ಅಂದೆ.
ಬೆಸುಗೆ ಕಡ್ಡಿಯ ಮೂತಿ ಒರೆಸುತ್ತಿದ್ದಳು,
ಕೇಳಿಸದವಳ ಹಾಗೆ.